ಸೂಜಿಗಿಂತ ಮೊದಲು ಸ್ಕ್ಯಾನ್ ಆಗಲಿ, ತಂಗಿ

ಬಲಗಣ್ಣು ಕೆಂಪಾಗಿದೆ, ರೆಪ್ಪೆ ಬಾತಿದೆ ಅಂದಿ. "ಕಣ್ಣ ಬಂದಾವ, ನಾಕ ದಿನ ತಡಿ, ತಾವಽ ಹೋಗ್ತಾವ" ಅಂತ ನಿಮ್ಮ ಅತ್ತಿ ಹೇಳಿದ್ದನ್ನೂ ಹೇಳಿದಿ. ಅವರ ಮಾತು ಬಹಳ ಸಲ ಖರೆ ಆಗುತ್ತದೆ. ಆದರೆ ಕಣ್ಣು ಬಂದಾಗ ಗೀಜು ಕಟ್ಟುತ್ತದೆ, ಮುಂಜಾನೆ ರೆಪ್ಪೆ ಅಂಟಿಕೊಂಡಿರುತ್ತದೆ, ಒಬ್ಬರಿಂದ ಮನೆಮಂದಿಗೆಲ್ಲ ಹತ್ತುತ್ತದೆ. ನಿನಗೆ ಇದ್ಯಾವುದೂ ಇಲ್ಲ. ಅದರ ಬದಲು ಫೋನ್ ಇಡುವ ಮುಂಚೆ ಇನ್ನೊಂದು ಮಾತು ಅಂದಿ: ಪಕ್ಕಕ್ಕೆ ನೋಡಿದರೆ ಗುಡ್ಡೆಯ ಹಿಂದೆ ಜಗ್ಗಿದ ಹಾಗೆ ನೋವು, ಹಿಡಕಲ್ ಬಸ್ಸಿನ ಬೋರ್ಡು ಎರಡೆರಡು ಕಾಣುತ್ತದೆ. ಕಣ್ಣಿನ ವಿಭಾಗದಲ್ಲಿ ನರ್ಸಾಗಿ ದುಡಿದ ನನಗೆ ಆ ಮಾತಿನ ಮೇಲೆ ಮನಸ್ಸು ನಿಂತಿತು.

ಒಂದೊಂದು ಕಣ್ಣುಗುಡ್ಡೆಯನ್ನು ಹೊರಳಿಸಲು ಆರು ಸ್ನಾಯುಗಳಿವೆ. ಬಂಡಿಯ ಎತ್ತಿಗೆ ಹಗ್ಗ ಇದ್ದಂತೆ ಇವು. ಒಂದು ಬಿಗಿದರೂ ದಾರಿ ತಪ್ಪುತ್ತದೆ. ಸ್ನಾಯುವಿಗೆ ಉರಿಯೂತವಾದರೆ ಅದು ಬಾತು ದಪ್ಪಗಾಗುತ್ತದೆ, ಕಣ್ಣು ಹೊರಳಿಸಿದಾಗ ನೋಯುತ್ತದೆ, ಆ ಕಣ್ಣು ಜೊತೆಗಣ್ಣಿನ ಸಮಕ್ಕೆ ತಿರುಗದೆ ಒಂದು ಎರಡಾಗಿ ಕಾಣುತ್ತದೆ. ಡಾಕ್ಟರು ಇದಕ್ಕೆ ಆರ್ಬಿಟಲ್ ಮಯೋಸೈಟಿಸ್ ಅನ್ನುತ್ತಾರೆ. ಅಪರೂಪದ ಬೇನೆ. ಹರೆಯದ ಮತ್ತು ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬಂದು ನಾಲ್ಕಾರು ದಿನಗಳಲ್ಲಿ ಏರುತ್ತದೆ.

ಈಗಲೇ ಒಂದು ಕೆಲಸ ಮಾಡು. ತಲೆ ಅಲುಗಿಸಬೇಡ. ನಿನ್ನ ಗಂಡ ಒಂದು ಪೆನ್ನನ್ನು ಮುಖದ ಮುಂದೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ನಿಧಾನಕ್ಕೆ ಒಯ್ಯಲಿ. ನೀನು ಬರೀ ಕಣ್ಣಿನಿಂದ ಹಿಂಬಾಲಿಸು. ಯಾವ ಕಡೆ ನೋಡಿದಾಗ ನೋವು, ಯಾವ ಕಡೆ ಪೆನ್ನು ಎರಡಾಯಿತು, ಬರೆದಿಡು. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡು. ಯಾವ ಕಣ್ಣು ಮುಚ್ಚಿದರೂ ಪೆನ್ನು ಒಂದೇ ಆದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದೇ ಕಣ್ಣಲ್ಲಿ ನೋಡಿದರೂ ಎರಡು ಕಂಡರೆ ಕಾರಣ ಬೇರೆ, ಆ ಕಣ್ಣಿನೊಳಗೇ ಇರುತ್ತದೆ. ಈ ಚೀಟಿ ಡಾಕ್ಟರಿಗೆ ಬಹಳ ಉಪಯೋಗ.

ಇನ್ನು ನನ್ನ ಮುಖ್ಯ ಮಾತು. ಊರಲ್ಲಿ ಯಾರಾದರೂ ಒಂದು ಸೂಜಿ ಮಾಡಿ ನಾಲ್ಕು ಬಿಳಿ ಗುಳಿಗೆ ಕೊಡುತ್ತಾರೆ, ಮರುದಿನವೇ ಹಾಯೆನಿಸುತ್ತದೆ. ಬಹುತೇಕ ಸಲ ಅದು ಸ್ಟಿರಾಯ್ಡ್. ಮಯೋಸೈಟಿಸ್‌ಗೆ ಸ್ಟಿರಾಯ್ಡೇ ಮದ್ದು ಎನ್ನುವುದು ನಿಜ. ಒಂದೆರಡು ದಿನದಲ್ಲಿ ನೋವು ಇಳಿಯುತ್ತದೆ. ತೊಂದರೆ ಏನೆಂದರೆ, ಅದೇ ಸ್ಟಿರಾಯ್ಡ್ ಕಣ್ಣಿನ ಹಿಂದಿನ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆಯನ್ನೂ ಕೆಲ ದಿನ ಕುಗ್ಗಿಸುತ್ತದೆ, ಥೈರಾಯ್ಡಿನ ಬಾವನ್ನೂ ಇಳಿಸುತ್ತದೆ, ಸೋಂಕಿನ ನೋವನ್ನು ಮುಚ್ಚಿಟ್ಟು ಸೋಂಕನ್ನು ಬೆಳೆಸುತ್ತದೆ. ನೋವು ಹೋಯಿತು ಅಂತ ನಾವು ದವಾಖಾನೆಯ ದಾರಿ ಬಿಡುತ್ತೇವೆ. ಸೂಜಿಗೆ ನನ್ನ ಸಿಟ್ಟಿಲ್ಲ. ಬೇನೆಯ ಹೆಸರು ಗೊತ್ತಾಗುವ ಮೊದಲೇ ಕೊಟ್ಟ ಸೂಜಿಗೆ ಇದೆ. ಜ್ವರ ಬಂದರೆ, ದೃಷ್ಟಿ ಮಸುಕಾದರೆ, ಕೆಂಪು ಬಣ್ಣ ಆ ಕಣ್ಣಿಗೆ ತಿಳಿಯಾಗಿ ಕಂಡರೆ, ಗುಡ್ಡೆ ಮುಂದೆ ಬಂದು ಅಲುಗದೆ ನಿಂತರೆ ಅದೇ ದಿನ ಹೊರಡು. ಸಕ್ಕರೆ ಕಾಯಿಲೆ ಇದ್ದವರಂತೂ ಒಂದು ರಾತ್ರಿಯನ್ನೂ ಕಳೆಯಬಾರದು. 2021ರಲ್ಲಿ ಕೊರೊನಾ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ಎಷ್ಟು ಜನರ ಕಣ್ಣು ತೆಗೆಸಿತು ಎಂಬುದು ನೆನಪಿರಬೇಕಲ್ಲ. ಸಕ್ಕರೆ ಏರಿದ ಮೈಗೆ ಸ್ಟಿರಾಯ್ಡ್ ಬಿದ್ದದ್ದೂ ಅದಕ್ಕೆ ದಾರಿ ಮಾಡಿತ್ತು.

ನಮ್ಮ ಕಡೆ ಕಣ್ಣು ಅಂದರೆ ಮೋತಿಬಿಂದು, ಮೋತಿಬಿಂದು ಅಂದರೆ ಕ್ಯಾಂಪ್. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಲುಸಾಲು ಜನಕ್ಕೆ ದೃಷ್ಟಿ ಕೊಟ್ಟರು. ಆ ಋಣ ದೊಡ್ಡದು. ಆದರೆ ಕ್ಯಾಂಪಿನ ಬ್ಯಾಟರಿ ಬೆಳಕಿಗೆ ಗುಡ್ಡೆಯ ಹಿಂದಿನದು ಕಾಣುವುದಿಲ್ಲ. ಅದಕ್ಕೆ ಸಿ.ಟಿ. ಇಲ್ಲವೇ ಎಂ.ಆರ್.ಐ. ಬೇಕು. ಬೆಳಗಾವಿಯ ಬಿಮ್ಸ್ ಆಗಲಿ, ಕೆಎಲ್ಇ ಆಗಲಿ, ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜ್‌ಗೆ ಆಗಲಿ, ನಿನಗೆ ಅನುಕೂಲವಾದ ಕಡೆ ಹೋಗು. ಥೈರಾಯ್ಡ್, ಸಕ್ಕರೆ, ಇ.ಎಸ್.ಆರ್. ರಕ್ತಪರೀಕ್ಷೆಗಳನ್ನೂ ಎದೆಯ ಎಕ್ಸ್‌ರೇಯನ್ನೂ ಬರೆದುಕೊಟ್ಟರೆ "ಕಣ್ಣಿಗೆ ಎದಿ ಫೋಟೋ ಯಾಕ?" ಅನ್ನಬೇಡ. ಕ್ಷಯ ಇದೆಯೇ ಎಂದು ಸ್ಟಿರಾಯ್ಡಿಗೆ ಮೊದಲೇ ನೋಡಿಕೊಳ್ಳಬೇಕು. ಥೈರಾಯ್ಡಿನಿಂದ ಸ್ನಾಯು ಬಾತರೆ ನೋವು ಕಡಿಮೆ, ನಿಧಾನ, ಹೆಚ್ಚಾಗಿ ಎರಡೂ ಕಣ್ಣಿಗೆ. ಸ್ಕ್ಯಾನಿನಲ್ಲಿ ಸ್ನಾಯುವಿನ ನಡುಭಾಗ ಮಾತ್ರ ಉಬ್ಬಿ, ಗುಡ್ಡೆಗೆ ಅಂಟುವ ತುದಿ ಸಣ್ಣಗೇ ಇರುತ್ತದೆ. ಮಯೋಸೈಟಿಸ್‌ನಲ್ಲಿ ಸಾಮಾನ್ಯವಾಗಿ ಆ ತುದಿಯೂ ಬಾತಿರುತ್ತದೆ.

ಇನ್ನೊಂದು ಕಾರಣ ನಮ್ಮ ದೇಶದಲ್ಲಿ ಮರೆಯಬಾರದ್ದು: ಲಾಡಿಹುಳದ ಮರಿ. ಕಣ್ಣಿನ ಸ್ನಾಯುವಿನೊಳಗೆ ಸಣ್ಣ ನೀರುಗುಳ್ಳೆ ಮಾಡಿಕೊಂಡು ಕೂತಿರುತ್ತದೆ, ಸ್ಕ್ಯಾನಿನಲ್ಲಿ ಗುಳ್ಳೆಯ ಒಳಗೆ ಚುಕ್ಕೆಯಂತೆ ಅದರ ತಲೆ ಕಾಣುತ್ತದೆ. ಸೋನೋಗ್ರಫಿಯಲ್ಲೂ ಕಾಣಬಹುದು. "ನಾವು ಮಾಂಸ ಮುಟ್ಟಂಗಿಲ್ಲ, ನಮಗ್ಯಾಂಗ ಬರ್ತದ?" ಅಂತ ಕೇಳುವವರೇ ಹೆಚ್ಚು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಹುಳ ಬೆಳೆಯುತ್ತದೆ. ಅವರ ಮಲದಲ್ಲಿ ಹೊರಬಿದ್ದ ಮೊಟ್ಟೆ ಯಾರ ಬಾಯಿಗೆ ಹೋದರೂ ಗುಳ್ಳೆಯಾಗಬಹುದು. ಕಾಲುವೆ ದಂಡೆಗೆ ತಂಬಿಗೆ ಹಿಡಿದು ಹೋಗುವ ರೂಢಿ ಪೂರ್ತಿ ಹೋಗಿಲ್ಲ. ಅದೇ ನೀರು ಹೊಲಕ್ಕೂ ಹಾಯುತ್ತದೆ. ನಾವೋ ರೊಟ್ಟಿಯ ಜೊತೆ ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ ಎಲ್ಲ ಹಸಿಯಾಗಿಯೇ ತಿನ್ನುವವರು. ತಿನ್ನುವುದು ಬಿಡು ಎನ್ನಲಾರೆ, ಹಕ್ಕರಕಿ ಇಲ್ಲದ ರೊಟ್ಟಿ ನನಗೂ ಇಳಿಯುವುದಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಹರಿಯುವ ಒಳ್ಳೆಯ ನೀರಲ್ಲಿ ಮಣ್ಣು ಪೂರ್ತಿ ಹೋಗುವವರೆಗೆ ತೊಳಿ. ಈ ಗುಳ್ಳೆಗೆ ಅಲ್ಬೆಂಡಜೋಲ್ ಕೊಡುತ್ತಾರೆ, ಜೊತೆಗೆ ಸ್ಟಿರಾಯ್ಡ್, ಏಕೆಂದರೆ ಹುಳ ಸಾಯುವಾಗ ಬಾವು ಏರುತ್ತದೆ. ಕಣ್ಣುಗುಡ್ಡೆಯ ಒಳಗೋ ಮೆದುಳಲ್ಲೋ ಗುಳ್ಳೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕಾದ್ದರಿಂದ, ಶಾಲೆಯಲ್ಲಿ ಹಂಚುವ ಜಂತಿನ ಗುಳಿಗೆ ತಂದು ನೀನೇ ನುಂಗಬೇಡ.

ಇದ್ಯಾವುದೂ ಅಲ್ಲ, ಬರೀ ಮಯೋಸೈಟಿಸ್ ಎಂದಾದರೆ, ಸಣ್ಣ ಪ್ರಮಾಣದ್ದಕ್ಕೆ ನೋವಿನ ಗುಳಿಗೆಯೇ ಸಾಕಾಗಬಹುದು. ಹೆಚ್ಚಿನವರಿಗೆ ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ ಮೈತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಶುರುಮಾಡಿ ವಾರಗಟ್ಟಲೆ ಇಳಿಸುತ್ತ ಬರುತ್ತಾರೆ. ಹಾಯೆನಿಸಿತೆಂದು ನಡುವೆ ಬಿಟ್ಟರೆ ಬೇನೆ ಮರಳುತ್ತದೆ. ಬಹಳ ದಿನ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಮೈಯೇ ಕೈಕೊಡಬಹುದು. ಊಟವಾದ ಮೇಲೆ ಮುಂಜಾನೆ ತಗೋ, ಬಿ.ಪಿ., ಸಕ್ಕರೆ ನೋಡಿಸುತ್ತಿರು, ಕಣ್ಣೊತ್ತಡ ಅಳೆಸು. ಹಸಿವು ಹೆಚ್ಚಿ ಮುಖ ದುಂಡಗಾದರೆ ಗಾಬರಿಯಾಗಬೇಡ, ಗುಳಿಗೆ ಇಳಿದಂತೆ ಅದೂ ಇಳಿಯುತ್ತದೆ. ಬಸಿರಿದ್ದರೆ, ಇಲ್ಲವೇ ಅನುಮಾನವಿದ್ದರೂ, ಸ್ಕ್ಯಾನಿಗೂ ಗುಳಿಗೆಗೂ ಮೊದಲೇ ಹೇಳು. ಮದ್ದಿಗೆ ಬಗ್ಗದಿದ್ದರೆ ಅಥವಾ ಮತ್ತೆ ಮತ್ತೆ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಮೆಥೊಟ್ರೆಕ್ಸೇಟ್‌ನಂಥ ಬೇರೆ ಮದ್ದು ಸೇರಿಸುತ್ತಾರೆ.

ಎರಡೆರಡು ಕಾಣುವವರೆಗೆ ಸ್ಕೂಟಿ ಬೇಡ. ಒಂದು ಕಣ್ಣಿಗೆ ಹತ್ತಿ ಕಟ್ಟಿಕೊಂಡರೆ ಅಡುಗೆಮನೆಯಲ್ಲಿ ತಡವರಿಸುವುದು ತಪ್ಪುತ್ತದೆ. ದವಾಖಾನೆಗೆ ಹೊರಡುವಾಗ ಪೆನ್ನಿನ ಚೀಟಿ, ಹಳೆಯ ರಿಪೋರ್ಟು, ಈಗಾಗಲೇ ಯಾರಾದರೂ ಸೂಜಿ ಮಾಡಿದ್ದರೆ ಅದರ ಶೀಶೆ ಇಲ್ಲವೇ ಗುಳಿಗೆಯ ಖಾಲಿ ಪಟ್ಟಿ, ಎಲ್ಲ ಒಂದೇ ಚೀಲಕ್ಕೆ ಹಾಕು. ಸೂಜಿ ಮಾಡಿಸಿಕೊಂಡಿದ್ದನ್ನು ನಾಚಿ ಮುಚ್ಚಿಡಬೇಡ. ಡಾಕ್ಟರು ಬೈದರೂ ಬೈಯಲಿ.