ದಣಿದ ಹೃದಯಕ್ಕೆ ಉತ್ತೇಜನ

ಮುಷ್ಟಿಯಷ್ಟು ಗಾತ್ರದ ಮಾನವ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಮನುಷ್ಯನು ವಿಶ್ರಾಂತಿಯಲ್ಲಿರುವಾಗಲೂ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಶರೀರಕ್ಕೆಲ್ಲ ನೂಕುತ್ತಿರುತ್ತದೆ. ಹೃದಯಾಘಾತದಿಂದ ಅದರ ಸ್ನಾಯುವಿನ ದೊಡ್ಡ ಭಾಗವೊಂದು ನಿಷ್ಕ್ರಿಯವಾದಾಗ ಈ ಬಲವು ಕುಂದುತ್ತದೆ. ರಕ್ತದೊತ್ತಡ ಇಳಿಯುತ್ತದೆ, ಕೈಕಾಲುಗಳು ತಣ್ಣಗಾಗುತ್ತವೆ, ಪ್ರಜ್ಞೆ ಮಸುಕಾಗುತ್ತದೆ. ಇಂತಹ ಸಂಕಟದಲ್ಲಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕೊಡುವ ಹೃದಯೋತ್ತೇಜಕ ಔಷಧಗಳಲ್ಲಿ ಡೊಬುಟಮಿನ್ ಒಂದು.

ಈ ಔಷಧದ ಮಾದರಿಯು ಮನುಷ್ಯನ ಶರೀರದಲ್ಲಿಯೇ ಇದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಭಯ, ಕೋಪಗಳ ಸಮಯದಲ್ಲಿ ಅಡ್ರಿನಲಿನ್ ಎಂಬ ವಸ್ತುವನ್ನು ಸ್ರವಿಸುತ್ತವೆ. ಎದೆ ಡವಡವನೆ ಹೊಡೆದುಕೊಳ್ಳುವುದು ಇದರಿಂದಲೇ. ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ತಕಮಿನೆಯವರು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಸಂಗತಿಯನ್ನು 1901ರಲ್ಲಿ ಪ್ರಕಟಿಸಿದರು. ಅಡ್ರಿನಲಿನ್ನನ್ನು ಹೋಲುವ ಐಸೊಪ್ರೆನಲಿನ್ ಎಂಬ ಔಷಧವು ಮುಂದೆ ತಯಾರಾಯಿತು. ಆದರೆ ಅದು ಹೃದಯದ ಬಲವನ್ನಷ್ಟೇ ಅಲ್ಲ, ವೇಗವನ್ನೂ ವಿಪರೀತವಾಗಿ ಹೆಚ್ಚಿಸುತ್ತಿತ್ತು. ಬಲ ಹೆಚ್ಚಬೇಕು, ವೇಗ ಮಿತಿಯಲ್ಲಿರಬೇಕು; ಇದು ಸುಲಭದ ಬೇಡಿಕೆಯಲ್ಲ. ಎಲಿ ಲಿಲ್ಲಿ ಎಂಬ ಅಮೆರಿಕದ ಔಷಧ ಸಂಸ್ಥೆಯಲ್ಲಿದ್ದ ರೊನಾಲ್ಡ್ ಟಟಲ್ ಮತ್ತು ಜ್ಯಾಕ್ ಮಿಲ್ಸ್ ಎಂಬ ಸಂಶೋಧಕರು ಐಸೊಪ್ರೆನಲಿನ್ನಿನ ಅಣುರಚನೆಯನ್ನು ಮಾರ್ಪಡಿಸುತ್ತ, ಪ್ರತಿಯೊಂದು ಮಾರ್ಪಾಟಿನ ಪರಿಣಾಮವನ್ನೂ ಪರೀಕ್ಷಿಸಿದರು. ಹೀಗೆ ದೊರೆತ ಡೊಬುಟಮಿನ್ನಿನ ವಿವರ 1975ರಲ್ಲಿ ಪ್ರಕಟವಾಯಿತು.

ಹೃದಯದ ಸ್ನಾಯುಕೋಶಗಳ ಮೇಲೆ ಬೀಟಾ ಗ್ರಾಹಕಗಳೆಂಬ ಅಣುಗಳಿವೆ. ಡೊಬುಟಮಿನ್ ಇವುಗಳಿಗೆ ಅಂಟಿಕೊಂಡಾಗ ಕೋಶದೊಳಕ್ಕೆ ಹೆಚ್ಚು ಕ್ಯಾಲ್ಸಿಯಂ ಹರಿದು, ಸ್ನಾಯುವು ಬಲವಾಗಿ ಸಂಕುಚಿಸುತ್ತದೆ. ರಕ್ತದಲ್ಲಿ ಸೇರಿದ ಔಷಧದ ಅರ್ಧಭಾಗವು ಸುಮಾರು 2 ನಿಮಿಷಗಳಲ್ಲಿಯೇ ನಾಶವಾಗುವುದರಿಂದ ಒಮ್ಮೆ ಚುಚ್ಚಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಪಂಪಿನ ಸಹಾಯದಿಂದ ಅಭಿಧಮನಿಯೊಳಕ್ಕೆ ಎಡೆಬಿಡದೆ ಹರಿಸುತ್ತಿರಬೇಕು. 60 ಕಿಲೋಗ್ರಾಂ ತೂಕದ ರೋಗಿಗೆ, ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಮಿನಂತೆ ಕೊಟ್ಟರೆ, ಗಂಟೆಯೊಂದಕ್ಕೆ ಸಲ್ಲುವುದು ಕೇವಲ 18 ಮಿಲಿಗ್ರಾಂ! ಇಷ್ಟು ಅಲ್ಪವಾದರೂ ಮಾತ್ರೆ ತಪ್ಪಿದರೆ ಹೃದಯದ ಲಯ ಕೆಡಬಹುದಾದ್ದರಿಂದ ದಾದಿಯರು ಹೃದಯದ ಮಿಡಿತವನ್ನು ತೋರಿಸುವ ಯಂತ್ರದ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ.

ಹೃದಯಕ್ಕೆ ಬಲ ಕೊಡುವ ಔಷಧವನ್ನು ದಿನವೂ ಏಕೆ ಕೊಡಬಾರದು? ವೈದ್ಯರಿಗೂ ಈ ಆಸೆ ಇತ್ತು. ಆದರೆ ಬಲವಾಗಿ ಮಿಡಿಯುವ ಹೃದಯಕ್ಕೆ ಆಮ್ಲಜನಕವೂ ಹೆಚ್ಚು ಬೇಕು. ಬಾರುಕೋಲಿನ ಏಟಿಗೆ ದಣಿದ ಎತ್ತು ದಿಣ್ಣೆಯನ್ನೇನೋ ಹತ್ತೀತು. ದಿನವೂ ಹೊಡೆಯುತ್ತಿದ್ದರೆ ಅದು ಬಾಳಲಾರದು. ಇದೇ ಬಗೆಯ ಉತ್ತೇಜಕವಾದ ಮಿಲ್ರಿನೋನ್ ಎಂಬುದನ್ನು ಗುಳಿಗೆಯ ರೂಪದಲ್ಲಿ ದೀರ್ಘಕಾಲ ಕೊಟ್ಟು ನೋಡಲಾಯಿತು. 1,088 ರೋಗಿಗಳು ಭಾಗವಹಿಸಿದ್ದ ಆ ಪರೀಕ್ಷೆಯ ಫಲ 1991ರಲ್ಲಿ ಪ್ರಕಟವಾದಾಗ, ಔಷಧ ಸೇವಿಸಿದವರಲ್ಲಿ ಸಾವು ಶೇಕಡಾ 28ರಷ್ಟು ಹೆಚ್ಚಿದ್ದುದು ಕಂಡುಬಂದಿತು.

ಡೊಬುಟಮಿನ್ನಿನ ವಿವರ ಪ್ರಕಟವಾದ 1975ರಲ್ಲಿಯೇ ಸ್ವೀಡನ್ನಿನ ವೈದ್ಯ ಫಿನ್ ವಾಗ್‌ಸ್ಟೈನ್ ಮತ್ತು ಅವರ ಸಂಗಡಿಗರು ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೊಂದನ್ನು ವರದಿಮಾಡಿದರು. ಅವರು ಹೃದಯ ದುರ್ಬಲವಾಗಿದ್ದ 7 ಮಂದಿಗೆ ಬೀಟಾ ಗ್ರಾಹಕಗಳನ್ನು ತಡೆದು ಹೃದಯವನ್ನು ನಿಧಾನಗೊಳಿಸುವ ಔಷಧವನ್ನು ಕೊಟ್ಟರು. ರೋಗಿಗಳು ಚೇತರಿಸಿಕೊಂಡರೂ ವೈದ್ಯಲೋಕ ಬಹುಕಾಲ ಇದನ್ನು ನಂಬಲಿಲ್ಲ. ಕುಂದಿದ ಹೃದಯವನ್ನು ಇನ್ನಷ್ಟು ಕುಂದಿಸುವುದೆಂದರೆ ಯಾರು ತಾನೆ ಒಪ್ಪಿಯಾರು? 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಇಂತಹ ಔಷಧಗಳಿಂದ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿದ ಮೇಲೆ ಸಂಶಯ ತೊಲಗಿತು.

ಈಗ ಎರಡೂ ಬಗೆಯ ಔಷಧಗಳು ಒಬ್ಬನೇ ರೋಗಿಗೆ ಒಂದರ ನಂತರ ಒಂದು ದೊರೆಯುವುದುಂಟು. ಸಂಕಟ ಕಳೆದು ರಕ್ತದೊತ್ತಡ ಸ್ಥಿರವಾದಂತೆ ವೈದ್ಯರು ಡೊಬುಟಮಿನ್ನಿನ ಪ್ರಮಾಣವನ್ನು ಮೆಲ್ಲಮೆಲ್ಲನೆ ತಗ್ಗಿಸಿ ನಿಲ್ಲಿಸುತ್ತಾರೆ. ಹೃದಯವು ತನ್ನ ಬಲದಿಂದಲೇ ನಡೆಯತೊಡಗಿದ ಬಳಿಕ ಅದನ್ನು ನಿಧಾನಗೊಳಿಸುವ ಗುಳಿಗೆಯನ್ನು ಅತಿ ಕಿರಿಯ ಪ್ರಮಾಣದಲ್ಲಿ ಆರಂಭಿಸುತ್ತಾರೆ.