‘ಬವೇರಿಯನ್’ ಅಂದರೆ ಯಾರು, ಯಾವುದು?



ಈ ಸಂಚಿಕೆಗೆ ನಾನು ಆರಿಸಿಕೊಂಡ ಇಂಗ್ಲಿಷ್ ಪದ ‘ಬವೇರಿಯನ್’. ಇದನ್ನು ‘ಜರ್ಮನ್’ ಎಂಬುದಕ್ಕೆ ಇನ್ನೊಂದು ಹೆಸರು ಎಂದು ತಿಳಿದು ಓದಿದರೆ ಅರ್ಥ ಕೆಡುತ್ತದೆ.

ಅರ್ಥ: ಜರ್ಮನಿಯಲ್ಲಿ 16 ರಾಜ್ಯಗಳಿವೆ. ವಿಸ್ತೀರ್ಣದಲ್ಲಿ ಅತಿ ದೊಡ್ಡದು ಆಗ್ನೇಯ ಭಾಗದ ಬವೇರಿಯಾ. ರಾಜಧಾನಿ ಮ್ಯೂನಿಕ್. ಅಲ್ಲಿನವರು, ಅಲ್ಲಿಗೆ ಸೇರಿದ್ದು ‘ಬವೇರಿಯನ್’. ಬಿಎಂಡಬ್ಲ್ಯು ಕಾರಿನ ಹೆಸರಿನ ಮೊದಲ ‘ಬಿ’ ಕೂಡ ಇದೇ: ಜರ್ಮನ್ ಭಾಷೆಯ ‘ಬಾಯರಿಷೆ’, ಅಂದರೆ ಬವೇರಿಯಾದ. ಈ ರಾಜ್ಯ ನಮಗೆ ದೂರದ್ದಲ್ಲ. 2007ರಿಂದ ಕರ್ನಾಟಕಕ್ಕೂ ಅದಕ್ಕೂ ಸಹಭಾಗಿತ್ವವಿದೆ; ಅದರ ಕಚೇರಿಯೊಂದು ಬೆಂಗಳೂರಿನಲ್ಲಿದೆ.

ಬಳಕೆ: ಈ ಪದ ವಿಶೇಷಣವೂ ಹೌದು, ನಾಮಪದವೂ ಹೌದು. ‘ಅ ಬವೇರಿಯನ್ ವಿಲೇಜ್’ ಎಂದಾಗ ವಿಶೇಷಣ. ‘ಷಿ ಈಸ್ ಅ ಬವೇರಿಯನ್’ ಎಂದಾಗ ನಾಮಪದ; ಬಹುವಚನ ‘ಬವೇರಿಯನ್ಸ್’. ವಾಕ್ಯದ ಎಲ್ಲೇ ಬಂದರೂ ಮೊದಲಕ್ಷರ ದೊಡ್ಡದಾಗಿರಬೇಕು. ಉಚ್ಚರಿಸುವಾಗ ಒತ್ತು ‘ವೇ’ ಮೇಲೆ.

ಇದು ಒಂದು ಭಾಷಾಪ್ರಭೇದದ ಹೆಸರೂ ಹೌದು, ಮತ್ತು ಎರಡು ಅರ್ಥಗಳ ಗಡಿ ಒಂದೇ ಅಲ್ಲ. ನ್ಯೂರೆಂಬರ್ಗ್ ನಗರ ಬವೇರಿಯಾದಲ್ಲಿದೆ, ಆದರೆ ಅಲ್ಲಿನ ಆಡುಮಾತು ಫ್ರಾಂಕೋನಿಯನ್. ಆಸ್ಟ್ರಿಯಾ ಬೇರೆ ದೇಶ, ಆದರೆ ಅದರ ಬಹುಭಾಗದಲ್ಲಿ ಆಡುವುದು ಬವೇರಿಯನ್ ಬಗೆಯ ಮಾತು. ನಮ್ಮಲ್ಲೂ ಹೀಗೇ: ಮಂಗಳೂರಿನ ಎಷ್ಟೋ ಮನೆಗಳ ಮಾತು ತುಳು; ಕನ್ನಡದ ಮನೆಗಳು ಕೇರಳದ ಕಾಸರಗೋಡಿನಲ್ಲೂ ಇವೆ.

ಪದ ಕಟ್ಟುವ ಬಗೆ: ‘ಇಯಾ’ ಎಂದು ಮುಗಿಯುವ ಹೆಸರಿಗೆ ಸಾಮಾನ್ಯವಾಗಿ ‘ಎನ್’ ಅಕ್ಷರ ಸೇರಿಸಿದರೆ ಸಾಕು: ಇಂಡಿಯಾ–ಇಂಡಿಯನ್, ಪರ್ಷಿಯಾ–ಪರ್ಷಿಯನ್, ಬವೇರಿಯಾ–ಬವೇರಿಯನ್. ಅರಬ್ಬಿ, ಉರ್ದುಗಳಲ್ಲಿ ಈ ಕೆಲಸವನ್ನು ‘ಈ’ ಮಾಡುತ್ತದೆ. ಬುಖಾರಾದವರು ಬುಖಾರಿ, ಹದೀಸ್ ಸಂಗ್ರಹಿಸಿದ ಇಮಾಮರನ್ನು ನಾವು ಅವರ ಊರಿನ ಹೆಸರಿನಿಂದಲೇ ಕರೆಯುತ್ತೇವೆ. ದಖನ್ನಿನದು ದಖನಿ, ಹೈದರಾಬಾದಿನದು ಹೈದರಾಬಾದಿ. ಈ ‘ಈ’ ಇಂಗ್ಲಿಷಿಗೂ ಹೋಗಿ ‘ಇರಾಕಿ’ಯಲ್ಲಿ ಕೂತಿದೆ. ಕನ್ನಡದಲ್ಲಿ ‘ಇಗ’ ಇದೆ (ಕನ್ನಡಿಗ), ‘ದವರು’ ಇದೆ (ಕೊಪ್ಪಳದವರು).

ಎಲ್ಲಿ ತಪ್ಪಾಗುತ್ತದೆ: 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಜರ್ಮನ್, ಆದರೆ ಬವೇರಿಯನ್ ಅಲ್ಲ, ಅವರು ಹುಟ್ಟಿದ್ದು ಉತ್ತರದ ಕಡಲ ಕಡೆಯ ಪೂರ್ವ ಫ್ರಿಸಿಯಾದಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಮೋಗ್ಲಿಂಗ್ ವುರ್ಟೆಂಬರ್ಗಿನವರು. ಇನ್ನು ಅಲ್ಲಾಮಾ ಇಕ್ಬಾಲ್ ಡಾಕ್ಟರೇಟ್ ಪಡೆದದ್ದು ಮ್ಯೂನಿಕ್ ವಿಶ್ವವಿದ್ಯಾಲಯದಿಂದ. ಆ ವಿಶ್ವವಿದ್ಯಾಲಯ ಬವೇರಿಯನ್, ಇಕ್ಬಾಲ್ ಅಲ್ಲ. ಪದವಿ ಕೊಟ್ಟ ಜಾಗ ಬೇರೆ, ಮೂಲದ ಜಾಗ ಬೇರೆ.

ಇಷ್ಟು ಸೂಕ್ಷ್ಮ ಏಕೆ ಬೇಕು? ನಾನು ಇರಕಲ್ಲಗಡದವಳು, ಕೊಪ್ಪಳ ಜಿಲ್ಲೆಯವಳು, ಕಲ್ಯಾಣ ಕರ್ನಾಟಕದವಳು, ಕನ್ನಡಿತಿ, ಭಾರತೀಯಳು. ಐದೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಲಾಗದು. ಮೈಸೂರಿನವರೂ ನಾವೂ ಕನ್ನಡಿಗರೇ. ಆದರೂ ಸಂವಿಧಾನದ 371(ಜೆ) ವಿಧಿಯಡಿ ಸೀಟು, ನೌಕರಿಗಳಲ್ಲಿ ನಮ್ಮ ಭಾಗಕ್ಕಿರುವ ಮೀಸಲಾತಿ ಸಿಗುವುದು ಇಲ್ಲಿನ ‘ಸ್ಥಳೀಯ ವ್ಯಕ್ತಿ’ ಎಂಬ ಪ್ರಮಾಣಪತ್ರ ಇದ್ದವರಿಗೆ. ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಅರ್ಜಿ ತುಂಬುವಾಗ ‘ಎಲ್ಲಿಯವರು’ ಎಂಬ ಪ್ರಶ್ನೆಗೆ ಎಷ್ಟು ಬೆಲೆ ಎಂಬುದು ಗೊತ್ತಾಗುತ್ತದೆ. ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ.

ಅಭ್ಯಾಸ:
1. ‘ಆಲ್ ಜರ್ಮನ್ಸ್ ಆರ್ ಬವೇರಿಯನ್ಸ್.’ ಈ ವಾಕ್ಯವನ್ನು ಸರಿಪಡಿಸಿ.
2. ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದವರನ್ನು ಬವೇರಿಯನ್ ಎನ್ನಬಹುದೇ? ಕಾರಣ ಕೊಡಿ.
3. ನಿಮ್ಮ ತರಗತಿಯ ಹಾಜರಿಯಲ್ಲಿ ಊರಿನ ಹೆಸರು ಅಡಗಿರುವ ಅಡ್ಡಹೆಸರುಗಳು ಎಷ್ಟಿವೆ? ಪಟ್ಟಿ ಮಾಡಿ.