ಮೊಣಕಾಲು ನೋವು: ಆಪರೇಷನ್ ಮುಗಿದ ಮೇಲಿನ ಚಿಕಿತ್ಸೆ



ನಮ್ಮ ಮಾದಾಪುರದಿಂದ ಗಚ್ಚಿಬೌಲಿ ದೂರವೇನಲ್ಲ. ಅಲ್ಲಿರುವ ಪುಲ್ಲೇಲ ಗೋಪಿಚಂದ್ ಅವರ ಬ್ಯಾಡ್ಮಿಂಟನ್ ಅಕಾಡೆಮಿ ದೇಶಕ್ಕೇ ಹೆಸರುವಾಸಿ. ಗೋಪಿಚಂದ್ ಅವರ ಆಟದ ಬದುಕು ಮೊಣಕಾಲಿನ ಗಾಯದಿಂದಾಗಿ ಆರಂಭದಲ್ಲೇ ಮುಗಿಯಬಹುದಿತ್ತು. ಅದು ಮುಗಿಯದೆ ಉಳಿದ ಬಗೆಯಲ್ಲಿ ವೈದ್ಯಕೀಯ ನೆರವು ನೀಡುವ ನಮಗೂ ಒಂದು ಪಾಠವಿದೆ.

1994ರಲ್ಲಿ ಆಟದ ನಡುವೆ ಅವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿ ನಾರಿನ ಪಟ್ಟಿ ಇದು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರು 1996ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2001ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅದಕ್ಕೂ ಮೊದಲು, 1980ರಲ್ಲಿ, ಆ ಪ್ರಶಸ್ತಿ ಗೆದ್ದ ಏಕೈಕ ಭಾರತೀಯ ನಮ್ಮ ಪ್ರಕಾಶ್ ಪಡುಕೋಣೆ. ಬೆಂಗಳೂರಿನಲ್ಲಿ ಗೋಪಿಚಂದ್ ತರಬೇತಿ ಪಡೆದದ್ದೂ ಅವರ ಬಳಿಯೇ. ಗಾಯದಿಂದ ಆ ಗೆಲುವಿನವರೆಗೆ ಏಳು ವರ್ಷ ಹಿಡಿಯಿತು.

ಹೈದರಾಬಾದಿನವರೇ ಆದ ಸೈನಾ ನೆಹ್ವಾಲ್ ಅವರ ಅನುಭವ ಬೇರೆ. ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಅವರ ಬಳಿ ತರಬೇತಿಯಲ್ಲಿದ್ದ ಅವರು ಮೊಣಕಾಲು ನೋವಿನಲ್ಲೇ 2016ರ ರಿಯೋ ಒಲಿಂಪಿಕ್ಸ್ ಆಡಿ, ಬಂದೊಡನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಛಲದಿಂದ ಮರಳಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ ಗೆದ್ದರು. ಆದರೆ ನೋವು ಬಿಡಲಿಲ್ಲ. ಮೊಣಕಾಲಿನ ಕಾರ್ಟಿಲೇಜ್ ಸವೆದು ಸಂಧಿವಾತ ಬಂದಿದೆ ಎಂದು 2024ರಲ್ಲಿ ಅವರೇ ಹೇಳಿಕೊಂಡರು.

ಇಬ್ಬರಿಗೂ ಮೊಣಕಾಲೇ ತೊಂದರೆ ಕೊಟ್ಟರೂ ಫಲ ಒಂದೇ ಆಗಲಿಲ್ಲವೇಕೆ? ಹರಿದ ಲಿಗಮೆಂಟಿನ ಜಾಗದಲ್ಲಿ ರೋಗಿಯ ದೇಹದಿಂದಲೇ ಸ್ನಾಯುರಜ್ಜುವಿನ ತುಂಡು ತೆಗೆದು ಕೂರಿಸಬಹುದು. ಮೂಳೆಯ ತುದಿಗೆ ನುಣುಪಾದ ಹೊದಿಕೆಯಂತಿರುವ ಕಾರ್ಟಿಲೇಜ್ ಹಾಗಲ್ಲ. ಅದಕ್ಕೆ ರಕ್ತನಾಳಗಳಿಲ್ಲ. ಒಮ್ಮೆ ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲ. ಆದ್ದರಿಂದ ವಾರಗಟ್ಟಲೆ ಉಳಿಯುವ ನೋವು, ಊತ, ಮೆಟ್ಟಿಲಿಳಿಯುವಾಗ ಕಾಲು ಕೈಕೊಟ್ಟಂತಾಗುವುದು, ಮಂಡಿ ನಡುವೆ ಸಿಕ್ಕಿಕೊಳ್ಳುವುದು ಇವನ್ನು ಮಾತ್ರೆಯಿಂದ ಮುಚ್ಚಿಡದೆ ಮೂಳೆ ವೈದ್ಯರಿಗೆ ತೋರಿಸಬೇಕು. ನೋವು ನಿವಾರಕ ಮಾತ್ರೆ ನೋವನ್ನು ಅಡಗಿಸೀತು, ಸವೆತವನ್ನು ನಿಲ್ಲಿಸದು.

ಎರಡನೆಯ ಪಾಠ ಇನ್ನೂ ಮುಖ್ಯ. ಲಿಗಮೆಂಟಿನ ಆಪರೇಷನ್ ಒಂದೆರಡು ಗಂಟೆಯ ಕೆಲಸ. ಆದರೆ ಹೊಸ ಲಿಗಮೆಂಟ್ ಬಲಗೊಂಡು ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಆ ಅವಧಿಯಲ್ಲಿ ಸೊರಗಿದ ತೊಡೆಯ ಸ್ನಾಯುವಿಗೆ ವ್ಯಾಯಾಮದಿಂದ ಬಲ ತುಂಬಬೇಕು, ಮಂಡಿ ಪೂರ್ತಿ ಮಡಿಸಿ ನೀಡುವಂತೆ ಅಭ್ಯಾಸ ಮಾಡಿಸಬೇಕು. ಇದನ್ನು ಅರ್ಧಕ್ಕೆ ಬಿಟ್ಟರೆ ಒಳ್ಳೆಯ ಆಪರೇಷನ್ ಕೂಡ ವ್ಯರ್ಥವಾದೀತು.

ಹೆಸರಾಂತ ಆಟಗಾರರ ಜೊತೆ ಫಿಸಿಯೋಥೆರಪಿಸ್ಟ್ ಇರುತ್ತಾರೆ. ಶಾಲೆಯ ಕಬಡ್ಡಿ ಅಂಗಳದಲ್ಲಿ ಬಿದ್ದ ಹುಡುಗಿಗೆ, ದಿನಗೂಲಿ ಮಾಡುತ್ತಲೇ ಓಟದ ಅಭ್ಯಾಸ ನಡೆಸುವ ಹುಡುಗನಿಗೆ ಯಾರಿದ್ದಾರೆ? ವಿಮೆ ಇದ್ದರೂ ಆಸ್ಪತ್ರೆಯಿಂದ ಬಂದ ನಂತರದ ಖರ್ಚಿಗೆ ಅನೇಕ ಪಾಲಿಸಿಗಳಲ್ಲಿ ದಿನಗಳ ಮಿತಿ ಇರುತ್ತದೆ. ಅಲ್ಲಿಂದಾಚೆಗೆ ಫಿಸಿಯೋಥೆರಪಿ, ಆಟೋ ಬಾಡಿಗೆ, ಜೊತೆಗೆ ಬರುವವರ ಒಂದು ದಿನದ ಕೂಲಿ ಎಲ್ಲವೂ ಮನೆಯವರ ಕೈಯಿಂದಲೇ ಹೋಗಬೇಕು. ಹಣ ಮುಗಿದಾಗ ಮೊದಲು ನಿಲ್ಲುವುದು ವ್ಯಾಯಾಮವೇ.

ದಾನಿಗಳಲ್ಲಿ ಒಂದು ಕೋರಿಕೆ. ಆಪರೇಷನ್ ಎಂದರೆ ಎಲ್ಲರ ಮನಸ್ಸೂ ಕರಗುತ್ತದೆ, ನೆರವು ಬೇಗ ಕೂಡಿಬರುತ್ತದೆ. ಅದರ ಮುಂದಿನ ತಿಂಗಳುಗಳಿಗೂ ನಿಮ್ಮ ಕೊಡುಗೆಯಲ್ಲಿ ಒಂದು ಪಾಲು ಇರಲಿ. ಒಮ್ಮೆಗೇ ದೊಡ್ಡ ಮೊತ್ತ ಕೊಡಲಾಗದವರು ತಿಂಗಳಿಗಿಷ್ಟು ಎಂದು ಒಬ್ಬ ರೋಗಿಯ ಫಿಸಿಯೋಥೆರಪಿಯ ಹೊಣೆ ಹೊತ್ತರೂ ಸಾಕು. ಬಿದ್ದ ಮಗು ಮತ್ತೆ ಅಂಗಳಕ್ಕೆ ಇಳಿಯುವವರೆಗೂ ನಮ್ಮ ನೆರವು ಜೊತೆಗಿರಲಿ.